ಕಳೆದ ಬೂಟಿನ ಬಾಕಿ ಯಾರ ಲೆಕ್ಕಕ್ಕೆ?

ಸೈನಿಕನ ಕಾಲಿನ ಬೂಟು ಯಾರದು? ಮೈಮೇಲಿನ ಗುಂಡುನಿರೋಧಕ ಜಾಕೀಟು, ತಲೆಯ ಹೆಲ್ಮೆಟ್ಟು, ಬೆನ್ನ ಮೇಲಿನ ಚೀಲ, ಅದರೊಳಗಿನ ಕಂಬಳಿ ಯಾರವು? ಸರ್ಕಾರದವು. ಇದರಲ್ಲಿ ಯಾರ ತಕರಾರೂ ಇಲ್ಲ. ಅವು ಕಳೆದಾಗ, ಸುಟ್ಟಾಗ, ಹೊಳೆಯ ಪಾಲಾದಾಗ, ಹಿಮದಲ್ಲಿ ಹೂತುಹೋದಾಗ ದುಡ್ಡು ತುಂಬುವವರು ಯಾರು ಎಂಬಲ್ಲಿ ತಕರಾರು ಶುರುವಾಗುತ್ತದೆ. ನಿವೃತ್ತನಾಗಿ ಊರಿಗೆ ಮರಳಿದ ಯೋಧನನ್ನು ತೆರೆದ ಜೀಪಿನಲ್ಲಿ ಕೂಡಿಸಿ, ಹಲಿಗೆ ಬಾರಿಸಿ, ಹಾರ ಹಾಕಿ ಮೆರೆಸುವ ನಾವು ಆತನಿಗೆ ಎಂದಾದರೂ ಈ ಪ್ರಶ್ನೆ ಕೇಳಿದ್ದೇವೆಯೇ? ಇಲ್ಲ. ಜೀಪಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಮನೆಗೆ ಬರುತ್ತೇವೆ.

ನಾನು ಇದನ್ನು ಬರೆಯಲು ಕೂತದ್ದಕ್ಕೆ ನಮ್ಮೂರಿನ ವಿಮಾ ಏಜೆಂಟರೊಬ್ಬರು ಕಾರಣ. ಒಳ್ಳೆಯ ಮನುಷ್ಯ. ಕಂತು ತಪ್ಪಿದವರ ಮನೆಗೆ ತಾನೇ ಹೋಗಿ ನೆನಪಿಸುವವರು. ಸವಣೂರಿನಲ್ಲಿ ಚಹಾ ಕುಡಿಯುತ್ತ ಅವರೊಂದು ಹೊಸ ಸಂಗತಿ ಹೇಳಿದರು. "ಸರ, ಅಮೇರಿಕಾದಾಗ, ಇಂಗ್ಲೆಂಡಿನ್ಯಾಗ ಮಿಲಿಟರಿಯವರಿಗೆ ಕಿಟ್ ಇನ್ಶೂರೆನ್ಸ್ ಅಂತ ಐತ್ರಿ. ಸರ್ಕಾರ ಕೊಟ್ಟ ಸಾಮಾನು ಕಳದ್ರ ಕಂಪನಿ ತುಂಬಿಕೊಡತೈತಿ. ನಮ್ಮಲ್ಲೂ ಬಂದ್ರ ಹುಡುಗರಿಗೆ ಎಷ್ಟ ಅನುಕೂಲ ನೋಡ್ರಿ. ತಿಂಗಳಾ ಎರಡ್ಮೂರು ಚಹಾದ ರೊಕ್ಕ ಅಷ್ಟ."

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಬೆಳಗಿನ ಜಾವ ಸವಣೂರು, ಶಿಗ್ಗಾಂವಿ ರಸ್ತೆಗಳಲ್ಲಿ ಸೈನ್ಯದ ಭರ್ತಿಗಾಗಿ ಓಡುವ ಹುಡುಗರನ್ನು ಅವರೂ ನೋಡುತ್ತಾರೆ, ನಾನೂ ನೋಡುತ್ತೇನೆ. ಆದರೆ ಆ ಎರಡು ಮೂರು ಚಹಾದ ದುಡ್ಡನ್ನು ಆ ಹುಡುಗರ ಜೇಬಿನಿಂದ ಯಾಕೆ ಕೊಡಿಸಬೇಕು ಎಂಬುದೇ ನನ್ನ ಜಗಳ.

ಮೊದಲು ಆ ಪರದೇಶದ ಕಥೆಯನ್ನು ನೋಡೋಣ. ಅಮೆರಿಕದಲ್ಲಿ ಯುಎಸ್‌ಎಎ ಎಂಬ ದೊಡ್ಡ ಸಂಸ್ಥೆಯಿದೆ. 1922ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ 25 ಜನ ಸೇನಾಧಿಕಾರಿಗಳು ತಮ್ಮ ಕಾರುಗಳಿಗೆ ತಾವೇ ಪರಸ್ಪರ ವಿಮೆ ಮಾಡಿಕೊಳ್ಳಲು ಕಟ್ಟಿದ್ದು. ಇವತ್ತು ಬಾಡಿಗೆ ಮನೆಯಲ್ಲಿರುವ ಸೈನಿಕನಿಗೆ ಅದು ಮಾರುವ ಪಾಲಿಸಿಯಲ್ಲಿ ಸಮವಸ್ತ್ರ ಮತ್ತು ಸೈನ್ಯದ ಸಲಕರಣೆಗಳಿಗೂ ರಕ್ಷಣೆಯಿದೆ. ಬ್ರಿಟನ್ನಿನಲ್ಲಿಯೂ ಸೈನಿಕರಿಗೆಂದೇ ಕಿಟ್ ವಿಮೆ ಮಾರುವ ಮಧ್ಯವರ್ತಿಗಳಿದ್ದಾರೆ. ಸ್ವಂತದ ಮೊಬೈಲು, ಸೈಕಲ್ಲುಗಳ ಜತೆಗೆ ಸರ್ಕಾರ ಕೊಟ್ಟ ಸಾಮಾನು, ವಸತಿಗೆ ಆದ ಹಾನಿ ಎಲ್ಲವೂ ಒಂದೇ ಪಾಲಿಸಿಯಲ್ಲಿ. ಏಜೆಂಟರು ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿ ಇಂಥ ಪಾಲಿಸಿ ಮಾರಾಟವಾಗುವುದು ಯಾಕೆಂದರೆ ಅಲ್ಲಿನ ಸರ್ಕಾರಗಳೂ ಸೈನಿಕನಿಂದ ವಸೂಲಿ ಮಾಡುತ್ತವೆ. ಭಯವಿದ್ದಲ್ಲಿ ತಾಯಿತ ಮಾರುವವನು ಬರುತ್ತಾನೆ.

2005ರಲ್ಲಿ ಇರಾಕಿನಲ್ಲಿ ಎಡ್ಡಿ ರೆಬ್ರೂಕ್ ಎಂಬ ಅಮೆರಿಕದ ಲೆಫ್ಟಿನೆಂಟ್ ರಸ್ತೆ ಬದಿಯ ಬಾಂಬಿಗೆ ಸಿಕ್ಕಿ ತೋಳು ಛಿದ್ರವಾಯಿತು. ರಕ್ತದಲ್ಲಿ ತೊಯ್ದಿದ್ದ ಆತನ ರಕ್ಷಾ ಕವಚವನ್ನು ಚಿಕಿತ್ಸೆ ಮಾಡುವವರೇ ಬಿಚ್ಚಿ ತೆಗೆದರು. ಒಂದು ವರ್ಷದ ಮೇಲೆ, 2006ರಲ್ಲಿ, ಸೇವೆಯಿಂದ ಬಿಡುಗಡೆಯಾಗುವ ಹೊತ್ತಿಗೆ ಆ ಕವಚದ ಲೆಕ್ಕ ಸಿಗಲಿಲ್ಲವೆಂದು ಆತನಿಂದ ಸುಮಾರು 700 ಡಾಲರ್ ಕಟ್ಟಿಸಿಕೊಂಡರು. ಗೆಳೆಯರಿಂದ ಕೈಗಡ ತಂದು ಕಟ್ಟಿದ. ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಸೆನೆಟ್ಟಿನಲ್ಲಿ ಪ್ರಶ್ನೆ ಎದ್ದಿತು, ಓದಿದ ಜನ ಮರುಗಿ ಹಣ ಕಳಿಸಿದರು. ಜಗತ್ತಿನ ಅತ್ಯಂತ ಶ್ರೀಮಂತ ಸೈನ್ಯದ ಕಥೆ ಇದು. ಆದರೂ ಆ ದೇಶದ ಸೇನಾ ನಿಯಮದಲ್ಲಿ ಒಂದು ಲಗಾಮು ಇದೆ ಎನ್ನುವುದನ್ನು ಹೇಳಬೇಕು. ನಿರ್ಲಕ್ಷ್ಯದಿಂದ ಸರ್ಕಾರಿ ಸೊತ್ತು ಕಳೆದರೂ ಸಾಮಾನ್ಯವಾಗಿ ಒಂದು ತಿಂಗಳ ಮೂಲ ವೇತನಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಆತನ ವೈಯಕ್ತಿಕ ಆಯುಧ, ಸಲಕರಣೆಯಂಥವಕ್ಕೆ ಮಾತ್ರ ಈ ಮಿತಿ ಅನ್ವಯಿಸುವುದಿಲ್ಲ. ರೆಬ್ರೂಕ್‌ನ ಕವಚ ಆ ಬಗೆಯದೇ.

ನಮ್ಮಲ್ಲಿ? 1950ರ ಸೇನಾ ಕಾಯ್ದೆಯ 54ನೇ ಕಲಮನ್ನು ಓದಿ. ತನಗೆ ಕೊಟ್ಟ ಆಯುಧ, ಮದ್ದುಗುಂಡು, ಸಲಕರಣೆ, ಬಟ್ಟೆಯನ್ನು ವಿಲೇವಾರಿ ಮಾಡಿದವನಿಗೆ ಸೇನಾ ನ್ಯಾಯಾಲಯ 10 ವರ್ಷದವರೆಗೆ ಶಿಕ್ಷೆ ಕೊಡಬಹುದು. ನಿರ್ಲಕ್ಷ್ಯದಿಂದ ಕಳೆದವನಿಗೆ 5 ವರ್ಷದವರೆಗೆ. ಬಂದೂಕಿಗೂ ಬಟ್ಟೆಗೂ ಒಂದೇ ಕಲಮು. ಪ್ರತಿ ಮಗ್ಗು, ಪ್ರತಿ ಕಂಬಳಿಗೂ ಯಾರೂ ಸೇನಾ ನ್ಯಾಯಾಲಯ ಕೂಡಿಸುವುದಿಲ್ಲ, ನಿಜ. ಅದಕ್ಕೆ ಇನ್ನೊಂದು ದಾರಿಯಿದೆ. 91ನೇ ಕಲಮಿನ ಪ್ರಕಾರ ಸರ್ಕಾರದ ಸೊತ್ತಿಗೆ ಆದ ನಷ್ಟವನ್ನು ಕಮಾಂಡಿಂಗ್ ಅಧಿಕಾರಿಯ ತೀರ್ಮಾನದಂತೆ ಜವಾನನ ಸಂಬಳದಿಂದ ಕಡಿಯಬಹುದು. ಇಂಥ ಕಡಿತಗಳು ಒಂದು ತಿಂಗಳಲ್ಲಿ ಅರ್ಧ ಸಂಬಳ ಮೀರಬಾರದು ಎಂಬ ಮಿತಿಯನ್ನು ಕಾಯ್ದೆ ಹಾಕಿದೆ. ಅರ್ಧ ಸಂಬಳ ಎಂದರೆ ಏನೆಂದು ಸಂಬಳದಲ್ಲಿ ಮನೆ ನಡೆಸುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ಲೆಕ್ಕ ಮಾಡೋಣ. 2018ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವಾಲಯ 1,86,138 ಗುಂಡುನಿರೋಧಕ ಜಾಕೀಟುಗಳಿಗೆ 639 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಭಾಗಿಸಿದರೆ ಒಂದಕ್ಕೆ ಸುಮಾರು 34 ಸಾವಿರ ರೂಪಾಯಿ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30 ಸಾವಿರ ರೂಪಾಯಿ ಗೊತ್ತುಮಾಡಿದರು. ಅದರಲ್ಲಿ 9 ಸಾವಿರ ಸೇವಾ ನಿಧಿಗೆ ಹೋಗಿ ಕೈಗೆ ಬರುವುದು 21 ಸಾವಿರ. ಅಂದರೆ ಆ ಹುಡುಗ ಎದೆಗೆ ಕಟ್ಟಿಕೊಂಡ ಜಾಕೀಟು ಅವನ ತಿಂಗಳ ಸಂಬಳಕ್ಕಿಂತ ದುಬಾರಿ. ಸಿಯಾಚಿನ್‌ಗೆ ಹೋದರೆ ಇನ್ನೂ ಮೇಲೆ. ಅಲ್ಲಿ ಕೊಡುವ ವಿಶೇಷ ಬೂಟಿಗೆ ಹನ್ನೆರಡೂವರೆ ಸಾವಿರ, ಮಲಗುವ ಚೀಲಕ್ಕೆ 13 ಸಾವಿರ, ಒಟ್ಟು ಕಿಟ್ಟಿಗೆ ಒಂದು ಲಕ್ಷದಷ್ಟಾಗುತ್ತದೆ ಎಂದು 2020ರಲ್ಲಿ ಪತ್ರಿಕೆಗಳು ಬರೆದವು. ಇಷ್ಟು ಬೆಲೆಯ ಸರ್ಕಾರಿ ಸೊತ್ತನ್ನು ಹೊತ್ತು ಓಡಾಡುವ ಇಪ್ಪತ್ತರ ಹುಡುಗನಿಗೆ "ನಿನಗೊಂದು ವಿಮೆ ಮಾಡಿಸಿಕೋ" ಎನ್ನುವುದು ಕೇಳಲು ಎಷ್ಟು ಸಹಜವಾಗಿದೆ ನೋಡಿ. ಅಪಾಯ ಇರುವುದು ಅಲ್ಲೇ.

ನಮ್ಮ ಓಣಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಕನ್ನಡದವರು, ಉರ್ದುವಿನವರು ಎಲ್ಲರಿಗೂ ಅವರು ಹವಾಲ್ದಾರ ಕಾಕಾ. ಕಿಟ್ ತಪಾಸಣೆಯ ದಿನದ ಬಗ್ಗೆ ಕೇಳಿದರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಂಚದ ಮೇಲೆ ಕಂಬಳಿ ಮಡಿಚಿಟ್ಟು, ಅದರ ಮೇಲೆ ಒಂದೊಂದೇ ಸಾಮಾನನ್ನು ಸಾಲಾಗಿ ಜೋಡಿಸಿ ನಿಲ್ಲಬೇಕು. ಪಟ್ಟಿ ಹಿಡಿದವರು ಓದುತ್ತ ಹೋಗುತ್ತಾರೆ. ಇಲ್ಲದ ಸಾಮಾನಿನ ಮುಂದೆ ಒಂದು ಗೆರೆ.

"ಯಾಕ ಕಳೀತು ಅಂತ ಕೇಳೋದಿಲ್ಲೇನು ಕಾಕಾ?" ಅಂದೆ.

"ಕೇಳ್ತಾರ, ಯಾಕ ಕೇಳೂದಿಲ್ಲ. ಹಿಂದಿಯೊಳಗ ಕೇಳ್ತಾರ. ನಿಮ್ಮಂಗ ಉರ್ದು ಬಲ್ಲವ್ರು ಏನರೆ ಹೇಳಿ ಪಾರಾಗತಿದ್ರು. ನನ್ನ ಜೋಡಿ ಹಾನಗಲ್ ಕಡೀ ಹುಡುಗ ಒಬ್ಬಾಂವ ಇದ್ದ. ಹೊಳಿ ದಾಟೂ ಮುಂದ ಚೀಲ ತೇಲಿ ಹೋಗಿತ್ತು. ಹೊಳಿಗೆ ಏನಂತಾರ ಅನ್ನೂದು ಅವಂಗ ಬರಲಿಲ್ಲ. ಗುಮ್ ಗುಮ್ ಅಂತ ನಿಂತ. ಗುಮ್ ಅಂತ ಬರಕೊಂಡ್ರು."

ಗುಮ್ ಎಂದರೆ ಕಳೆದದ್ದು. ಹೇಗೆ ಕಳೆಯಿತು ಎಂಬುದು ಆ ಒಂದು ಶಬ್ದದೊಳಗೆ ಇಲ್ಲ. ಕಾನೂನಿನ ಇಡೀ ಭಾರ ನಿಂತಿರುವುದು ನಿರ್ಲಕ್ಷ್ಯ ಎಂಬ ಶಬ್ದದ ಮೇಲೆ, ಹಾನಗಲ್ಲಿನ ಹುಡುಗನ ಭವಿಷ್ಯ ನಿಂತಿದ್ದು ಅವನಿಗೆ ಬಾರದ ಒಂದು ನಾಮಪದದ ಮೇಲೆ. ಸೈನ್ಯದ ನಷ್ಟದ ಲೆಕ್ಕದಲ್ಲಿ ಎರಡು ಬಗೆಯಿದೆ. ಕಳ್ಳತನ, ಮೋಸ, ನಿರ್ಲಕ್ಷ್ಯದಿಂದ ಆದದ್ದು ಒಂದು. ಅದ್ಯಾವುದೂ ಅಲ್ಲದ್ದು ಇನ್ನೊಂದು. ಎರಡನೆಯದನ್ನು ವಿಚಾರಣೆ ಮಾಡಿ, ಅಧಿಕಾರವಿದ್ದವರು ಸಹಿ ಮಾಡಿ, ಲೆಕ್ಕದಿಂದ ತೆಗೆದು ಹಾಕುತ್ತಾರೆ. ಯಾವ ನಷ್ಟ ಯಾವ ಕಡೆ ಬೀಳುತ್ತದೆ ಎಂಬುದು ಬರೆದುಕೊಳ್ಳುವವನ ಕೈಯಲ್ಲಿದೆ.

ಈ ಜಗಳ ಹೊಸದೇನೂ ಅಲ್ಲ. ನಮ್ಮ ಭಾಗದ ಅಡ್ಡಹೆಸರುಗಳಲ್ಲೇ ಇದು ಅಡಗಿ ಕೂತಿದೆ. ಧಾರವಾಡ, ಹಾವೇರಿ ಕಡೆ ಜಮಾದಾರ, ಹವಾಲ್ದಾರ, ನಾಲಬಂದ, ಕಿಲ್ಲೇದಾರ ಎಂಬ ಮನೆತನಗಳಂತೆ ಶಿಲೇದಾರ, ಬಾರಗೀರ ಎಂಬ ಹೆಸರುಗಳನ್ನೂ ಕೇಳಿದ್ದೀರಿ. ಶಿಲೇದಾರನೆಂದರೆ ತನ್ನ ಸ್ವಂತ ಕುದುರೆ, ಸ್ವಂತ ಆಯುಧದೊಂದಿಗೆ ಚಾಕರಿಗೆ ಬಂದವನು. ಬಾರಗೀರನೆಂದರೆ ಸರ್ಕಾರದ ಅಥವಾ ಇನ್ನೊಬ್ಬ ಧಣಿಯ ಕುದುರೆ ಏರಿದವನು. ಶಿಲೇದಾರನಿಗೆ ಸಂಬಳವೂ ಹೆಚ್ಚು, ಮರ್ಯಾದೆಯೂ ಹೆಚ್ಚು. ಆದರೆ ಕುದುರೆ ಸತ್ತರೆ ಅವನ ಕಥೆ ಮುಗಿದಂತೆ. ಮೊಗಲರ ಸೈನ್ಯದ ಬಗ್ಗೆ 1903ರಲ್ಲಿ ದೊಡ್ಡ ಪುಸ್ತಕ ಬರೆದ ವಿಲಿಯಂ ಇರ್ವಿನ್ ಒಂದು ಮಾತನ್ನು ಗುರುತಿಸಿದ್ದಾನೆ. ಆ ಕಾಲದ ಸವಾರರು ತೋಪಿನ ಎದುರು ನುಗ್ಗಲು ಹಿಂಜರಿಯುತ್ತಿದ್ದುದು ಜೀವಭಯದಿಂದಲ್ಲ, ಕುದುರೆ ಸತ್ತರೆ ಬದುಕು ಮುಳುಗುತ್ತದೆ ಎಂಬ ಭಯದಿಂದ. ಸಲಕರಣೆಯ ನಷ್ಟವನ್ನು ಹೊತ್ತವನ ತಲೆಗೆ ಕಟ್ಟಿದರೆ ಆತ ಯುದ್ಧದಲ್ಲಿ ಶತ್ರುವನ್ನು ಬಿಟ್ಟು ಸಲಕರಣೆಯನ್ನು ಕಾಯುತ್ತಾನೆ. ಆ ಸಾಮ್ರಾಜ್ಯಗಳು ಕರಗಿಹೋದದ್ದಕ್ಕೆ ನೂರು ಕಾರಣಗಳಿವೆ, ಇದೂ ಒಂದಿರಬೇಕು ಎಂಬುದು ನನ್ನ ಗುಮಾನಿ.

ಸವಣೂರಿನವರಿಗೆ ಈ ಕುದುರೆ ಲೆಕ್ಕ ಚೆನ್ನಾಗಿ ಗೊತ್ತಿರಬೇಕಿತ್ತು. 1779ರಲ್ಲಿ ಹೈದರಾಲಿ ಮತ್ತು ನಮ್ಮ ನವಾಬ ಅಬ್ದುಲ್ ಹಕೀಂ ಖಾನರ ನಡುವೆ ಎರಡು ಮದುವೆಗಳ ಬೀಗತನ ನಡೆಯಿತು. ಶ್ರೀರಂಗಪಟ್ಟಣದ ಮಗಳು ಇಲ್ಲಿಗೆ, ಇಲ್ಲಿನ ಮಗಳು ಅಲ್ಲಿಗೆ. ಮದುವೆಯ ಊಟದ ಬೆನ್ನಿಗೇ ಒಂದು ಕರಾರೂ ಇತ್ತು. ನವಾಬರು 2,000 ಪಠಾಣ ಸವಾರರನ್ನು ಹೈದರನ ಚಾಕರಿಗೆ ಒದಗಿಸಬೇಕು. ಮುಂದೆ ಟಿಪ್ಪುವಿನ ಕಾಲಕ್ಕೆ ಬಾಕಿಯ ಲೆಕ್ಕ ಬಿಗಿಯಾಗುತ್ತ ಹೋಗಿ, ಬೀಗತನ ಹಳಸಿ, 1786ರಲ್ಲಿ ನವಾಬರು ಊರು ಬಿಟ್ಟು ಮರಾಠರ ಆಶ್ರಯ ಸೇರಿದರು. ನವಾಬಿಯ ಗುಣಗಾನ ಮಾಡುವವರು ಆ ಮದುವೆಗಳ ವೈಭವವನ್ನು ನೆನೆಯುತ್ತಾರೆ. ಆ 2,000 ಕುದುರೆಗಳಲ್ಲಿ ಸತ್ತವುಗಳ ಬೆಲೆ ಯಾವ ಪಠಾಣನ ಮನೆಯ ಮೇಲೆ ಬಿತ್ತು ಎಂದು ನೆನೆಯುವವರು ಕಡಿಮೆ.

ಇಂಗ್ಲಿಷರು ಈ ಪದ್ಧತಿಯನ್ನು ಬಿಡಲಿಲ್ಲ, ಪಾಲಿಶ್ ಮಾಡಿದರು. 1807ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ 4,000 ಸವಾರರನ್ನು ಸದಾ ಸಿದ್ಧವಾಗಿ ಇಟ್ಟಿರಬೇಕಿತ್ತು, ಅವರು ಶಿಲೇದಾರರು. ಕಂಪನಿಯ, ಆಮೇಲೆ ರಾಣಿಯ ಸೈನ್ಯದ ಶಿಲೇದಾರಿ ರಿಸಾಲೆಗಳಲ್ಲಿ ಸೇರುವ ಸವಾರ ಮೊದಲು ಒಂದು ಮೊತ್ತ ಠೇವಣಿ ಇಡಬೇಕು. ಅದಕ್ಕೆ ಆಸಾಮಿ ಎಂದು ಹೆಸರು. ಕನ್ನಡದಲ್ಲಿ ನಾವು ಯಾರನ್ನೋ ತುಸು ಕೊಂಕಿನಿಂದ "ಆ ಆಸಾಮಿ" ಎನ್ನುತ್ತೇವಲ್ಲ, ಅದೇ ಶಬ್ದ. ಕುದುರೆ, ಜೀನು, ಬಟ್ಟೆ ಎಲ್ಲ ಸವಾರನ ಖರ್ಚು. ಸರ್ಕಾರದಿಂದ ಬರುವುದು ಸಂಬಳ, ಬಂದೂಕು, ಮದ್ದುಗುಂಡು ಅಷ್ಟೆ. ಕುದುರೆ ಕಾಯಿಲೆಯಿಂದ ಸತ್ತರೆ? ಅದಕ್ಕೊಂದು ಉಪಾಯ ಮಾಡಿದ್ದರು. ಪ್ರತಿ ಸವಾರ ತಿಂಗಳು ತಿಂಗಳು ಒಂದಿಷ್ಟು ದುಡ್ಡನ್ನು ರೆಜಿಮೆಂಟಿನ ಪೆಟ್ಟಿಗೆಗೆ ಹಾಕುವುದು, ಸತ್ತ ಕುದುರೆಯ ಬದಲು ಇನ್ನೊಂದನ್ನು ಅದರಿಂದ ಕೊಳ್ಳುವುದು. ಹೆಸರು ಚಂದಾ ಫಂಡ್. ಈ ಪತ್ರಿಕೆಗೆ ನೀವು ಕಳಿಸುವ ಚಂದಾದ ಒಡಹುಟ್ಟು ಅದು.

ನಮ್ಮ ಏಜೆಂಟರು ಹೊಸದೆಂದು ಹೇಳಿದ ಕಿಟ್ ವಿಮೆ ಇದಕ್ಕಿಂತ ಬೇರೆಯೇ? ಬಡ ಸವಾರರು ತಮ್ಮ ತಮ್ಮೊಳಗೆ ಕಾಸು ಕೂಡಿಸಿ ಸಾಮ್ರಾಜ್ಯದ ನಷ್ಟ ತುಂಬಿಕೊಡುವ ವ್ಯವಸ್ಥೆ. ಅಷ್ಟಿದ್ದೂ ಚಂದಾ ಫಂಡ್ ಒಂದು ವಿಷಯದಲ್ಲಿ ಇಂದಿನ ಪಾಲಿಸಿಗಿಂತ ವಾಸಿ, ಅದರ ಲಾಭ ಯಾವ ಕಂಪನಿಗೂ ಹೋಗುತ್ತಿರಲಿಲ್ಲ. 1914ರಲ್ಲಿ ಮಹಾಯುದ್ಧ ಬಂದು ರಿಸಾಲೆಗಳು ಸಮುದ್ರದಾಚೆ ಹೋದವು. ಸಾಯುವ ಕುದುರೆಗಳ ಲೆಕ್ಕಕ್ಕೆ ಸವಾರನ ಚಂದಾ ಎಲ್ಲಿ ಸಾಕಾದೀತು? ಇಡೀ ಪದ್ಧತಿ ಕುಸಿಯಿತು. ಯುದ್ಧ ಮುಗಿದ ಮೇಲಿನ ಪುನರ್ರಚನೆಯಲ್ಲಿ ಇಂಗ್ಲಿಷರು ಅದನ್ನು ಕೈಬಿಟ್ಟು, ಕುದುರೆ ಸರ್ಕಾರದ್ದು, ನಷ್ಟವೂ ಸರ್ಕಾರದ್ದು ಎಂದು ಒಪ್ಪಿಕೊಂಡರು. ನೂರು ವರ್ಷದ ಹಿಂದೆ ಪರಕೀಯ ಸರ್ಕಾರ ಕಲಿತ ಪಾಠವನ್ನು ಪಾಲಿಸಿಯ ರೂಪದಲ್ಲಿ ಅಳಿಸಿ ಹಾಕಲು ನಾವು ಹೊರಟರೆ ಹೇಗೆ?

ವಿಮೆಯ ಕಾಗದವನ್ನೂ ಸ್ವಲ್ಪ ಬಿಡಿಸಿ ನೋಡೋಣ. 2021ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಕಡ್ಡಾಯ ಮಾಡಿದ 'ಭಾರತ್ ಗೃಹ ರಕ್ಷಾ' ಎಂಬ ಮನೆ ವಿಮೆಯಿದೆ. ಮನೆಗೆ, ಮನೆಯ ಸಾಮಾನಿಗೆ ಬೆಂಕಿ, ನೆರೆ, ಭೂಕಂಪ, ಎಲ್ಲಕ್ಕೂ ರಕ್ಷಣೆ. ಯುದ್ಧ, ಆಕ್ರಮಣ, ಪರದೇಶದ ಶತ್ರುವಿನ ಕೃತ್ಯದಿಂದಾದ ನಷ್ಟಕ್ಕೆ ಮಾತ್ರ ಇಲ್ಲ. ಇದು ಆ ಪಾಲಿಸಿಯೊಂದರ ದೋಷವಲ್ಲ, ಇಂಥ ವಿಮೆಗಳಲ್ಲಿ ಸಾಮಾನ್ಯವಾಗಿ ಬರೆಯುವ ಮಾತು. ಯುದ್ಧದ ನಷ್ಟವನ್ನು ಯಾವ ಕಂಪನಿಯೂ ಸುಲಭಕ್ಕೆ ಹೊರಲಾರದು. ಹಾಗಾದರೆ ಸೈನಿಕನ ಕಿಟ್ಟಿಗೆ ಮಾಡಿಸುವ ವಿಮೆ ಯಾವಾಗ ಕೆಲಸಕ್ಕೆ ಬರುತ್ತದೆ? ರೈಲಿನಲ್ಲಿ ಟ್ರಂಕು ಕಳುವಾದಾಗ ಬಂದೀತು. ಎದುರಾಳಿಯ ಗುಂಡಿನಲ್ಲಿ ಜಾಕೀಟು ತೂತಾದಾಗ ಕಂಪನಿ ಷರತ್ತಿನ ಸಣ್ಣ ಅಕ್ಷರಗಳನ್ನು ತೋರಿಸುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಭಾರತ ಸರ್ಕಾರದ ಹಣಕಾಸು ನಿಯಮಗಳಲ್ಲಿ ಒಂದು ಹಳೆಯ ನೀತಿಯಿದೆ. ಸರ್ಕಾರದ ಸ್ಥಿರ, ಚರ ಸೊತ್ತುಗಳಿಗೆ ಸಾಮಾನ್ಯವಾಗಿ ವಿಮೆ ಮಾಡಿಸಬಾರದು, ಮಾಡಿಸಬೇಕಾದರೆ ಹಣಕಾಸು ಇಲಾಖೆಯ ಪೂರ್ವಾನುಮತಿ ಬೇಕು. ಯಾಕೆ? ಸರ್ಕಾರದ ಬೊಕ್ಕಸ ಎಷ್ಟು ದೊಡ್ಡದೆಂದರೆ ಎಲ್ಲೋ ಒಂದು ಗೋದಾಮು ಸುಟ್ಟರೆ ಅದನ್ನು ತಾನೇ ತಾಳಿಕೊಳ್ಳಬಲ್ಲದು. ಕಂತು ಕಟ್ಟುವುದೇ ನಷ್ಟದ ಬಾಬತ್ತು. ವಿವೇಕದ ನೀತಿ, ನನ್ನ ವಿರೋಧವಿಲ್ಲ. ಆದರೆ ಲಕ್ಷಾಂತರ ಕೋಟಿಯ ಆಯವ್ಯಯ ಇರುವ ಧಣಿ ತನ್ನ ಸೊತ್ತಿಗೆ ತಾನು ವಿಮೆ ಮಾಡಿಸುವುದಿಲ್ಲ, ಅದೇ ಸೊತ್ತಿಗೆ 21 ಸಾವಿರ ಕೈಗೆ ಬರುವ ಹುಡುಗ ವಿಮೆ ಮಾಡಿಸಬೇಕು ಎನ್ನುವುದಾದರೆ ಅದಕ್ಕೆ ಏನೆನ್ನೋಣ? ತನ್ನ ಜೀವಕ್ಕೆ ಆತ ಈಗಾಗಲೇ ದುಡ್ಡು ಕಟ್ಟುತ್ತಿದ್ದಾನೆ. 1976ರಿಂದ ಸೇನಾ ಸಮೂಹ ವಿಮಾ ನಿಧಿಗೆ ಖಾಯಂ ಸೈನಿಕರ ಸಂಬಳದಿಂದ ತಿಂಗಳು ತಿಂಗಳು ಕಡಿತ ಕಡ್ಡಾಯ. ಅಗ್ನಿವೀರರಿಗೆ ಕಂತಿಲ್ಲದ 48 ಲಕ್ಷದ ಜೀವ ವಿಮೆಯನ್ನು ಸರ್ಕಾರವೇ ಕೊಟ್ಟಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಪಿಂಚಣಿಯನ್ನೂ ಗ್ರಾಚುಟಿಯನ್ನೂ ತೆಗೆದ ಕೈಯೇ ಅದನ್ನು ಕೊಟ್ಟದ್ದು.

ನಮ್ಮ ಜಮಾತುಗಳಲ್ಲಿ ವಿಮೆಯ ಮಾತು ಬಂದರೆ ಅದು ಹಲಾಲೋ ಹರಾಮೋ ಎಂಬಲ್ಲಿಗೇ ಚರ್ಚೆ ನಿಂತುಬಿಡುತ್ತದೆ. ಇಶಾ ನಮಾಜಿನ ನಂತರ ಶುರುವಾದರೆ ಚಪ್ಪಲಿ ಹುಡುಕುವವರೆಗೂ ಅದೇ. ನಷ್ಟದ ಹೊಣೆ ಯಾರದು ಎಂಬ ಮೂಲ ಪ್ರಶ್ನೆಯನ್ನು ನಮ್ಮ ಹಿರಿಯರು ಎಷ್ಟು ಸೂಕ್ಷ್ಮವಾಗಿ ಬಿಡಿಸಿದ್ದಾರೆ ಎಂಬುದನ್ನು ಯಾರೂ ಎತ್ತುವುದಿಲ್ಲ. ಹಿಜರಿ 8ರಲ್ಲಿ, ಅಂದರೆ ಕ್ರಿ.ಶ. 630ರಲ್ಲಿ, ಹುನೈನ್ ಯುದ್ಧಕ್ಕೆ ಹೊರಡುವಾಗ ಪ್ರವಾದಿಯವರು ಮಕ್ಕಾದ ಸಫ್ವಾನ್ ಬಿನ್ ಉಮಯ್ಯಾನಿಂದ ಉಕ್ಕಿನ ಕವಚಗಳನ್ನು ಕೇಳಿ ಪಡೆದರು. ಆತ ಆಗಿನ್ನೂ ಇಸ್ಲಾಮಿಗೆ ಬಂದಿರಲಿಲ್ಲ. ಬಲವಂತದಿಂದ ಕಸಿಯುತ್ತಿದ್ದೀರಾ ಎಂದು ಕೇಳಿದ. ಇಲ್ಲ, ಹೊಣೆ ಹೊತ್ತು ಪಡೆಯುವ ಎರವಲು ಎಂದು ಉತ್ತರ ಬಂತು. ಯುದ್ಧದಲ್ಲಿ ಕೆಲವು ಕವಚಗಳು ಕಳೆದುಹೋದವು. ಬೆಲೆ ತುಂಬಿಕೊಡುತ್ತೇವೆ ಎಂದು ಪ್ರವಾದಿಯವರೇ ಮುಂದಾದರು. ಅಷ್ಟರಲ್ಲಿ ಮನಸ್ಸು ಬದಲಾಗಿದ್ದ ಸಫ್ವಾನ್ ಬೇಡವೆಂದ. ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿ ಬರುವ ಪ್ರಸಂಗ ಇದು. ಆ ಕವಚ ತೊಟ್ಟು ಕಣಿವೆಯಲ್ಲಿ ಹೋರಾಡಿದವನನ್ನು ಕರೆದು ನಿನ್ನ ಪಾಲಿನ ದಿರ್ಹಮ್ ಎಲ್ಲಿ ಎಂದು ಕೇಳಿದ ಸುದ್ದಿ ಅದರಲ್ಲಿಲ್ಲ. ಯುದ್ಧಕ್ಕೆ ಕರೆದವರು ಕವಚದ ಹೊಣೆ ಹೊತ್ತರು.

ಎರವಲು ತಂದವನು ತನ್ನ ತಪ್ಪಿಲ್ಲದೆ ವಸ್ತು ಹಾಳಾದರೂ ತುಂಬಿಕೊಡಬೇಕೇ ಎಂಬುದರಲ್ಲಿ ಮದ್‌ಹಬ್‌ಗಳಿಗೆ ಭಿನ್ನಾಭಿಪ್ರಾಯವಿದೆ. ನಮ್ಮ ಸವಣೂರು, ಹುಬ್ಬಳ್ಳಿ ಕಡೆಯ ಹನಫಿಗಳ ಪ್ರಕಾರ ಅದು ಅಮಾನತ್, ತಪ್ಪಿಲ್ಲದಿದ್ದರೆ ಹೊಣೆಯಿಲ್ಲ. ಕರಾವಳಿಯ ಬ್ಯಾರಿ, ನವಾಯತ ಬಂಧುಗಳು ಅನುಸರಿಸುವ ಶಾಫಿ ಪಂಥ ಎರವಲು ಪಡೆದವನನ್ನು ಹೊಣೆಗಾರನೆನ್ನುತ್ತದೆ. ಆದರೆ ಸೈನಿಕ ಎರವಲು ಪಡೆದವನೇ? ತನ್ನ ಮದುವೆಗೆ ಶೇರ್ವಾನಿ ಕೇಳಿ ತಂದವನಂತೆ ಅವನು ಜಾಕೀಟು ತೊಟ್ಟಿದ್ದಾನೆಯೇ? ಧಣಿಯ ಕೆಲಸಕ್ಕೆ, ಧಣಿಯ ಹುಕುಮಿನ ಮೇಲೆ, ಧಣಿ ಹೇಳಿದ ಜಾಗದಲ್ಲಿ ತೊಟ್ಟಿದ್ದಾನೆ. ಅವನು ಕೆಲಸದವನು. ಒಬ್ಬನೇ ಧಣಿಯಲ್ಲಿ ದುಡಿಯುವವನ ಕೈಯಲ್ಲಿರುವ ಸಾಮಾನು ಅಮಾನತ್ ಎಂದೂ, ಅವನು ಮಿತಿ ಮೀರಿ ನಡೆದದ್ದು ಸಾಬೀತಾಗದೆ ಅವನಿಂದ ತುಂಬಿಸಿಕೊಳ್ಳಬಾರದೆಂದೂ ಫಿಕ್ಹ್ ಬಲ್ಲವರು ಹೇಳುತ್ತಾರೆ. ಸಾಬೀತು ಮಾಡಬೇಕಾದವನು ಆರೋಪ ಮಾಡಿದವನು. ಗುಮ್ ಎಂದು ನಿಂತವನಲ್ಲ.

ದುರ್ಬಳಕೆಯೇ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಎಲ್ಲ ಇಲಾಖೆಗಳಲ್ಲಿ ಇರುವಂತೆ ಅಲ್ಲೂ ಇರುತ್ತದೆ. ಸಂತೆಗಳಲ್ಲಿ ತೂಗುವ ಹಸಿರು ಚಿತ್ತಾರದ ಜಾಕೀಟುಗಳೆಲ್ಲ ಸೈನ್ಯದ ಮಾಲೆಂದು ನಂಬುವುದು ಭ್ರಮೆ, ಬಹುಪಾಲು ಖಾಸಗಿ ಹೊಲಿಗೆ. ಆದರೂ ಮಾರಿಕೊಂಡವನನ್ನು ಹಿಡಿದು ಶಿಕ್ಷಿಸಲಿ. ಬಂದೂಕು, ಗುಂಡುಗಳ ವಿಷಯದಲ್ಲಂತೂ ಬಿಗಿ ಇರಲೇಬೇಕು, ಅವು ಯಾರ ಕೈ ಸೇರುತ್ತವೆ ಎಂಬುದು ಜೀವದ ಪ್ರಶ್ನೆ. ನಾನು ಹೇಳುತ್ತಿರುವುದು ಕಳೆದವನಿಗೂ ಮಾರಿದವನಿಗೂ ನಡುವಿನ ಅಂತರದ ಬಗ್ಗೆ.

ಈಗ ಲೆಕ್ಕವನ್ನು ತಿರುಗಿಸಿ ನೋಡಿ. ಸೈನಿಕ ಸಾಮಾನು ಕಳೆದರೆ ಕಲಮು ಇದೆ. ಸರ್ಕಾರ ಸಾಮಾನು ಕೊಡದಿದ್ದರೆ? 2020ರ ಆರಂಭದಲ್ಲಿ ದೇಶದ ಪತ್ರಿಕೆಗಳೆಲ್ಲ ಚರ್ಚಿಸಿದ ಮಹಾಲೇಖಪಾಲರ ವರದಿಯೊಂದು ಎತ್ತರದ ಹಿಮಪ್ರದೇಶದ ಸೈನಿಕರ ಬಟ್ಟೆ, ಸಲಕರಣೆ, ಊಟದ ಬಗ್ಗೆ ಇತ್ತು. ಖರೀದಿಯಲ್ಲಿ ನಾಲ್ಕು ವರ್ಷದವರೆಗೆ ವಿಳಂಬ. ಹಿಮದ ಕನ್ನಡಕಗಳ ತೀವ್ರ ಕೊರತೆ. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಬಹೂಪಯೋಗಿ ಬೂಟುಗಳನ್ನೇ ಕೊಡಲಿಲ್ಲ, ಇದ್ದ ಹಳೆಯವನ್ನು ಮತ್ತೆ ಬಳಸಬೇಕಾಯಿತು. ಇನ್ನೊಬ್ಬ ತೊಟ್ಟು ಬಿಟ್ಟ ಬೂಟು.

ಆ ಹನ್ನೊಂದು ತಿಂಗಳಲ್ಲಿ ಒಂದು 2016ರ ಫೆಬ್ರವರಿ. ನಮ್ಮ ಪಕ್ಕದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿದ್ದಾಗ, 3ರಂದು, ಹಿಮಕುಸಿತ ಹತ್ತು ಜನರನ್ನು ನುಂಗಿತು. ಆರನೆಯ ದಿನ ಹನುಮಂತಪ್ಪ ಹಿಮದಡಿಯಿಂದ ಜೀವಂತ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮೂರು ದಿನ ಹುಬ್ಬಳ್ಳಿ, ಹಾವೇರಿಯ ದರ್ಗಾಗಳಲ್ಲೂ ಗುಡಿಗಳಲ್ಲೂ ಜನ ಒಂದೇ ಹೆಸರಿಗೆ ಹರಕೆ ಹೊತ್ತಿದ್ದರು. ಹಾಸನದ ತೇಜೂರು, ಮೈಸೂರಿನ ಎಚ್.ಡಿ. ಕೋಟೆಯ ಇನ್ನಿಬ್ಬರು ಕನ್ನಡಿಗರೂ ಆ ಹತ್ತರಲ್ಲಿದ್ದರು. ಹಿಮಕುಸಿತಕ್ಕೂ ಬೂಟಿಗೂ ಸಂಬಂಧ ಕಟ್ಟುವುದು ಸುಳ್ಳಾಗುತ್ತದೆ, ನಾನು ಕಟ್ಟುತ್ತಿಲ್ಲ. ಆದರೆ ಬೂಟು ಕೊಡದ ಹನ್ನೊಂದು ತಿಂಗಳಿಗೆ ಯಾವ ಅಧಿಕಾರಿಯ ಅರ್ಧ ಸಂಬಳ ಕಡಿದರು ಎಂದು ಕೇಳುವ ಹಕ್ಕು ಬೆಟದೂರಿನ ಪಕ್ಕದ ಊರಿನವನಾದ ನನಗಿದೆ.

ಮುಸ್ಲಿಮನೊಬ್ಬ ಸೈನ್ಯದ ಬಗ್ಗೆ ಬರೆದರೆ ಓದುವವರಿಗೆ ಎರಡು ಗುಮಾನಿ ಬರುತ್ತವೆ. ದೇಶಭಕ್ತಿಯ ಸರ್ಟಿಫಿಕೇಟು ಕೇಳುತ್ತಿದ್ದಾನೆ ಎಂದು ಒಂದು, ಸೈನ್ಯವನ್ನು ಹೀಗಳೆಯುತ್ತಿದ್ದಾನೆ ಎಂದು ಇನ್ನೊಂದು. ನಮ್ಮವರೂ ಪ್ರತಿ ವರ್ಷ ಬ್ರಿಗೇಡಿಯರ್ ಉಸ್ಮಾನ್, ಹವಾಲ್ದಾರ್ ಅಬ್ದುಲ್ ಹಮೀದ್ ಹೆಸರುಗಳನ್ನು ಜಪಮಣಿಯಂತೆ ಎಣಿಸುತ್ತಾರೆ. 1965ರಲ್ಲಿ ಖೇಮಕರಣ್ ಬಳಿ ಅಬ್ದುಲ್ ಹಮೀದ್ ತೋಪು ಹೊತ್ತ ಜೀಪಿನಲ್ಲಿ ಟ್ಯಾಂಕುಗಳ ಎದುರು ನಿಂತು ಸತ್ತರು. ಅವರು ಆ ಜೀಪಿನ ಬೆಲೆಯನ್ನು ಲೆಕ್ಕ ಹಾಕಿ ಹಿಂದೆ ಸರಿಯಲಿಲ್ಲ. ಯಾವ ಜವಾನನೂ ಅಂಥ ಗಳಿಗೆಯಲ್ಲಿ ಸಂಬಳದ ಕಡಿತವನ್ನು ನೆನೆಯುವಂತಾಗಬಾರದು ಎಂಬುದಕ್ಕೆ ಯಾರ ಧರ್ಮವೂ ಅಡ್ಡ ಬರುವುದಿಲ್ಲ.

ಏಜೆಂಟರಿಗೆ ನಾನು ಹೇಳಿದ್ದು ಇಷ್ಟು. ಹುಡುಗರಿಗೆ ಅವರ ಸ್ವಂತ ಮೊಬೈಲಿಗೆ, ಬೈಕಿಗೆ, ಬೇಕಾದರೆ ಜೀವಕ್ಕೆ ಪಾಲಿಸಿ ಮಾರಿರಿ, ನಿಮ್ಮ ಅನ್ನ. ಸರ್ಕಾರದ ಬೂಟಿಗೆ ಬೇಡ. ಅವರು ನಕ್ಕು, "ಹಂಗಾರ ಸರ್ಕಾರಕ್ಕ ನೀವಾ ಹೇಳ್ರಿ" ಅಂದರು.

ಹೇಳುವುದು ಕಷ್ಟವೇನಲ್ಲ. ವಸೂಲಿಯ ಒಟ್ಟು ಮೊತ್ತಕ್ಕೆ ಒಂದು ತಿಂಗಳ ಮೂಲ ವೇತನದ ಮಿತಿ ಹಾಕಲಿ, ಅದು ಜವಾನನ ಮೈಮೇಲಿನ ಜಾಕೀಟು, ಬೂಟಿಗೂ ಅನ್ವಯಿಸಲಿ. ನಿರ್ಲಕ್ಷ್ಯವನ್ನು ಸಾಬೀತು ಮಾಡುವ ಭಾರ ಘಟಕದ ಮೇಲಿರಲಿ. ವಿಚಾರಣೆಯ ಹೇಳಿಕೆಯನ್ನು ಜವಾನ ತನ್ನ ಮಾತೃಭಾಷೆಯಲ್ಲಿ ಕೊಡಲಿ, ಪ್ರತಿ ಅವನ ಕೈಗೆ ಸಿಗಲಿ. ಸೇವೆ ಬಿಡುವ ದಿನ ಮೊದಲು ಕಿಟ್ಟಿನ ಲೆಕ್ಕ ಚುಕ್ತಾ ಆಗಬೇಕು, ಆಮೇಲೆ ಉಳಿದ ಕಾಗದ ಎನ್ನುತ್ತಾರೆ ಹವಾಲ್ದಾರ ಕಾಕಾ. ನಾಲ್ಕು ವರ್ಷ ಮುಗಿಸಿ ಮನೆಗೆ ಬರುವ ಅಗ್ನಿವೀರನ ಸೇವಾ ನಿಧಿ ಬಡ್ಡಿ ಸೇರಿ ಸುಮಾರು 11.71 ಲಕ್ಷ ಎಂದು ಯೋಜನೆ ಘೋಷಿಸುವಾಗ ಹೇಳಿದ್ದರು. ಅದರಿಂದ ಕಿಟ್ಟಿನ ಬಾಕಿ ಕಡಿಯುತ್ತಾರೆಯೇ, ಎಷ್ಟರವರೆಗೆ, ಯಾರ ಸಹಿಯಿಂದ ಎಂದು ಸಂಸತ್ತಿನಲ್ಲಿ ಕೇಳಬೇಕು. ನಮ್ಮ ಸಂಸದರಿಗೆ ನೀವೂ ಒಂದು ಕಾಗದ ಹಾಕಿ. ಸದನದಲ್ಲಿ ಎದ್ದು ನಿಂತು ಮಾತಾಡಲು ಅವರಿಗೆ ಪುರುಸೊತ್ತಿಲ್ಲದಿದ್ದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಬರೆದುಕೊಟ್ಟರೂ ಸಾಕು, ಅದಕ್ಕೆ ಸಚಿವರು ಲಿಖಿತ ಉತ್ತರ ಕೊಡಬೇಕಾಗುತ್ತದೆ.